ಆರ್.ಎನ್.ಎ.ಯ ಸಂಗಾತಿ

ಜೀವವಿಜ್ಞಾನದ ಪ್ರಯೋಗಾಲಯವೊಂದರ ಶೀತಪೆಟ್ಟಿಗೆಯನ್ನು ತೆರೆದರೆ ಬಿಳಿಯ ಮಂಜು ಹೊರಕ್ಕೆ ಸುರಿಯುತ್ತದೆ. ಅದರೊಳಗಿನ ಉಷ್ಣತೆ ಸೊನ್ನೆಗಿಂತ 80 ಡಿಗ್ರಿ ಸೆಲ್ಸಿಯಸ್ ಕಡಿಮೆ. ಅಲ್ಲಿ ಕಿರುಬೆರಳಿಗಿಂತಲೂ ಚಿಕ್ಕದಾದ ಪ್ಲಾಸ್ಟಿಕ್ ಕೊಳವೆಗಳನ್ನು ಸಾಲಾಗಿ ಇರಿಸಿರುತ್ತಾರೆ. ಅವುಗಳಲ್ಲಿ ಒಂದನ್ನು ಎತ್ತಿ ನೋಡಿ. ತಳದಲ್ಲಿ ಹೆಪ್ಪುಗಟ್ಟಿದ ಒಂದೆರಡು ತೊಟ್ಟು ದ್ರವವಿದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಆದರೆ ಕೊಳವೆಯ ಮೇಲೆ ಅಂಟಿಸಿದ ಚೀಟಿಯಲ್ಲಿ ಹೀಗೆ ಬರೆದಿದೆ: ಮಾನವ ಪ್ರೋಟೀನು, ಪುನಸ್ಸಂಯೋಜಿತ, ಸಂಶೋಧನೆಗೆ ಮಾತ್ರ.

ಮಾನವ ಪ್ರೋಟೀನು ಎಂದು ಬರೆದಿದ್ದರೂ ಅದನ್ನು ಯಾವ ಮನುಷ್ಯನ ದೇಹದಿಂದಲೂ ತೆಗೆದಿಲ್ಲ. ಅದನ್ನು ತಯಾರಿಸಿದುದು ಕಣ್ಣಿಗೆ ಕಾಣದ ಒಂದು ಬ್ಯಾಕ್ಟೀರಿಯ. ನಮ್ಮ ಜೀವಕೋಶದೊಳಗೆ ಈ ಪ್ರೋಟೀನು ಮಾಡುವ ಕೆಲಸವೆಂದರೆ ಆರ್.ಎನ್.ಎ. ಎಂಬ ಅಣುವಿನ ಜತೆಗೂಡಿ ಅದರ ಕಾರ್ಯಕ್ಕೆ ನೆರವಾಗುವುದು. ಇಂತಹ ಪ್ರೋಟೀನೊಂದನ್ನು ಬ್ಯಾಕ್ಟೀರಿಯದ ಕೈಯಲ್ಲಿ ಮಾಡಿಸಿ ಇಷ್ಟು ಜೋಪಾನವಾಗಿ ಕಾಪಾಡುವುದೇಕೆ? ಈ ಪ್ರಶ್ನೆಗೆ ಉತ್ತರವನ್ನು ಹುಡುಕುತ್ತ ಹೋದರೆ ರೋಗಿಯೊಬ್ಬರ ರಕ್ತದಿಂದ ಹೊರಟ ಸುಳಿವು ಹಸುಗೂಸುಗಳ ಪ್ರಾಣವನ್ನುಳಿಸುವ ಜ್ಞಾನದವರೆಗೆ ಹೇಗೆ ಬಂದು ಮುಟ್ಟಿತೆಂಬುದು ತಿಳಿಯುತ್ತದೆ.

ಮೊದಲು ಆರ್.ಎನ್.ಎ. ಎಂದರೇನೆಂಬುದನ್ನು ತಿಳಿಯೋಣ. ಹಿಂದೆ ಗ್ರಂಥಭಂಡಾರಗಳಲ್ಲಿ ಓಲೆಗರಿಯ ಮೂಲಪ್ರತಿಗಳನ್ನು ಭದ್ರವಾಗಿ ಇಟ್ಟಿರುತ್ತಿದ್ದರು. ಗ್ರಂಥ ಬೇಕಾದವನು ಅಲ್ಲಿಯೇ ಕುಳಿತು ಅದನ್ನು ಪ್ರತಿಮಾಡಿಕೊಂಡು ಹೋಗುತ್ತಿದ್ದನು. ಮೂಲಪ್ರತಿ ಭಂಡಾರದಲ್ಲಿಯೇ ಉಳಿಯುತ್ತಿತ್ತು. ನಮ್ಮ ಜೀವಕೋಶದ ವ್ಯವಸ್ಥೆಯೂ ಇಂತಹುದೇ. ಕೋಶಕೇಂದ್ರವೇ ಭಂಡಾರ. ಅದರಲ್ಲಿರುವ ಡಿ.ಎನ್.ಎ.ಯೇ ಮೂಲಪ್ರತಿ. ದೇಹಕ್ಕೆ ಬೇಕಾದ ಪ್ರತಿಯೊಂದು ಪ್ರೋಟೀನನ್ನು ಹೇಗೆ ಕಟ್ಟಬೇಕೆಂಬ ವಿಧಾನ ಅದರಲ್ಲಿ ಲಿಖಿತವಾಗಿದೆ. ಒಂದು ಪ್ರೋಟೀನಿನ ವಿಧಾನವನ್ನು ಹೇಳುವ ಡಿ.ಎನ್.ಎ. ಭಾಗಕ್ಕೆ ಜೀನು ಎಂದು ಹೆಸರು. ಪ್ರೋಟೀನು ಬೇಕಾದಾಗ ಆ ಜೀನಿನ ನಕಲೊಂದು ಸಿದ್ಧವಾಗಿ ಕೋಶಕೇಂದ್ರದಿಂದ ಹೊರಕ್ಕೆ ಬರುತ್ತದೆ. ಆ ನಕಲೇ ಆರ್.ಎನ್.ಎ.

ಈ ಲಿಪಿಯಲ್ಲಿ ಇರುವುದು ನಾಲ್ಕೇ ಅಕ್ಷರಗಳು. ಮೂರು ಮೂರು ಅಕ್ಷರಗಳು ಸೇರಿ ಒಂದು ಪದವಾಗುತ್ತದೆ. ಹೆಚ್ಚಿನ ಪದಗಳು ಒಂದೊಂದು ಅಮೈನೊ ಆಮ್ಲವನ್ನು ಸೂಚಿಸುತ್ತವೆ. ಅಮೈನೊ ಆಮ್ಲಗಳು ಆ ಕ್ರಮದಲ್ಲಿಯೇ ಮಣಿಗಳಂತೆ ಪೋಣಿಸಲ್ಪಟ್ಟು ಪ್ರೋಟೀನು ಉಂಟಾಗುತ್ತದೆ. ಈ ಲಿಪಿಯನ್ನು ಓದುವ ಬಗೆಯನ್ನು ಕಂಡುಕೊಟ್ಟವರಲ್ಲಿ ಅವಿಭಜಿತ ಭಾರತದಲ್ಲಿ ಜನಿಸಿದ ಹರಗೋವಿಂದ ಖುರಾನರೂ ಒಬ್ಬರು. ಅದಕ್ಕಾಗಿ ಅವರಿಗೆ 1968ರಲ್ಲಿ ಇನ್ನಿಬ್ಬರೊಡನೆ ನೊಬೆಲ್ ಪಾರಿತೋಷಕ ದೊರೆಯಿತು. ಮನುಷ್ಯನಿಂದ ಬ್ಯಾಕ್ಟೀರಿಯದವರೆಗೆ ಜೀವಿಗಳೆಲ್ಲ ಹೆಚ್ಚುಕಡಮೆ ಒಂದೇ ಲಿಪಿಯನ್ನು ಬಳಸುತ್ತವೆ. ಈ ಮಾತನ್ನು ನೆನಪಿನಲ್ಲಿಡಿ. ಮುಂದೆ ಇದರ ಪ್ರಯೋಜನ ಕಾಣುತ್ತದೆ.

1977ರಲ್ಲಿ ವಿಜ್ಞಾನಿಗಳಿಗೆ ಒಂದು ಅಚ್ಚರಿ ಕಾದಿತ್ತು. ಅಮೆರಿಕದಲ್ಲಿ ಫಿಲಿಪ್ ಶಾರ್ಪ್ ಮತ್ತು ರಿಚರ್ಡ್ ರಾಬರ್ಟ್ಸ್ ಎಂಬವರು ಬೇರೆ ಬೇರೆಯಾಗಿ ಸಂಶೋಧನೆ ನಡೆಸಿ, ಜೀನಿನ ಬರಹ ಒಂದೇ ಓಟದಲ್ಲಿ ಸಾಗುವುದಿಲ್ಲವೆಂಬುದನ್ನು ಕಂಡುಹಿಡಿದರು. ನಡುನಡುವೆ ಪ್ರೋಟೀನಿಗೆ ಸಂಬಂಧವಿಲ್ಲದ ಉದ್ದುದ್ದನೆಯ ಸಾಲುಗಳು ಸೇರಿಕೊಂಡಿರುತ್ತವೆ. ನಕಲು ಮಾಡುವಾಗ ಈ ಸಾಲುಗಳೂ ಆರ್.ಎನ್.ಎ.ಗೆ ಇಳಿಯುತ್ತವೆ. ಬಳಿಕ ಅವುಗಳನ್ನು ಕತ್ತರಿಸಿ ತೆಗೆದು, ಬೇಕಾದ ತುಣುಕುಗಳನ್ನು ಮಾತ್ರ ಒಂದಕ್ಕೊಂದು ಜೋಡಿಸಬೇಕು. ಈ ಕೆಲಸದಲ್ಲಿ ಒಂದು ಅಕ್ಷರ ಹೆಚ್ಚುಕಡಮೆಯಾದರೂ ಅನರ್ಥವೇ ಸರಿ. ‘ರಾಮನು ಮನೆಗೆ ಬಂದನು’ ಎಂಬ ವಾಕ್ಯದಲ್ಲಿ ಪ್ರತಿ ಪದಕ್ಕೂ ಮೂರು ಅಕ್ಷರಗಳಿವೆ. ಮೊದಲ ಪದದಿಂದ ‘ಮ’ಕಾರವೊಂದನ್ನು ತೆಗೆದು, ಉಳಿದುದನ್ನು ಮತ್ತೆ ಮೂರು ಮೂರಾಗಿ ಓದಿ: ‘ರಾನುಮ ನೆಗೆಬಂ ದನು’. ಹೋದದ್ದು ಒಂದೇ ಅಕ್ಷರ. ಕೆಟ್ಟದ್ದು ಇಡೀ ವಾಕ್ಯ. ಜೀವಕೋಶದಲ್ಲಿ ಹೀಗಾದರೆ ಪ್ರೋಟೀನೇ ಕೆಡುತ್ತದೆ.

ಹಾಗಾದರೆ ಇಷ್ಟು ಸೂಕ್ಷ್ಮವಾದ ಈ ಕೆಲಸವನ್ನು ಮಾಡುವವರಾರು? ಇದಕ್ಕೆ ಸುಳಿವು ದೊರೆತುದು ರೋಗಿಗಳ ರಕ್ತದಲ್ಲಿ.

ಲೂಪಸ್ ಎಂಬುದೊಂದು ಕಾಯಿಲೆ. ನಮ್ಮ ದೇಹವು ಹೊರಗಿನಿಂದ ಬರುವ ರೋಗಾಣುಗಳನ್ನು ಎದುರಿಸಲು ಪ್ರತಿಕಾಯಗಳೆಂಬ ಪ್ರೋಟೀನುಗಳನ್ನು ಸಿದ್ಧಪಡಿಸುತ್ತದೆ. ಲೂಪಸ್ ರೋಗಿಗಳಲ್ಲಿ ಈ ಪ್ರತಿಕಾಯಗಳು ದಾರಿ ತಪ್ಪಿ ತಮ್ಮದೇ ದೇಹದ ವಸ್ತುಗಳ ಮೇಲೆ ಎರಗುತ್ತವೆ. ಕಾವಲುಗಾರನೇ ಮನೆಯವರ ಮೇಲೆ ಕೈ ಮಾಡಿದಂತೆ. 1966ರಲ್ಲಿ ಎಂಗ್ ಟಾನ್ ಮತ್ತು ಹೆನ್ರಿ ಕುಂಕೆಲ್ ಎಂಬ ವಿಜ್ಞಾನಿಗಳು ನ್ಯೂಯಾರ್ಕಿನಲ್ಲಿ, ಇಂತಹ ರೋಗಿಯೊಬ್ಬರ ರಕ್ತದಲ್ಲಿ ಕೋಶಕೇಂದ್ರದ ವಸ್ತುವೊಂದನ್ನು ಹಿಡಿದುಕೊಳ್ಳುವ ಪ್ರತಿಕಾಯವನ್ನು ಕಂಡರು. ರೋಗಿಯ ಹೆಸರಿನ ಮೊದಲ ಎರಡು ಇಂಗ್ಲಿಷ್ ಅಕ್ಷರಗಳನ್ನು ತೆಗೆದುಕೊಂಡು ಆ ವಸ್ತುವನ್ನು ‘ಎಸ್ಎಂ’ ಎಂದು ಕರೆದರು. ಅದರ ಕೆಲಸವೇನೆಂಬುದು ಆಗ ಯಾರಿಗೂ ತಿಳಿದಿರಲಿಲ್ಲ.

ಹದಿಮೂರು ವರ್ಷಗಳ ಬಳಿಕ, ಎಂದರೆ 1979ರಲ್ಲಿ, ಯೇಲ್ ವಿಶ್ವವಿದ್ಯಾನಿಲಯದ ಜೋನ್ ಸ್ಟೈಟ್ಜ್ ಮತ್ತು ಅವರ ವಿದ್ಯಾರ್ಥಿ ಮೈಕೆಲ್ ಲರ್ನರ್ ಈ ಗುಟ್ಟನ್ನು ಬಿಡಿಸಿದರು. ಲೂಪಸ್ ರೋಗಿಗಳ ಪ್ರತಿಕಾಯಗಳನ್ನೇ ಗಾಳವನ್ನಾಗಿ ಮಾಡಿಕೊಂಡು ಅವರು ಕೋಶಕೇಂದ್ರದ ಸಾರದಲ್ಲಿ ಬೇಟೆಯಾಡಿದರು. ಗಾಳಕ್ಕೆ ಸಿಕ್ಕಿದುದು ಬರಿಯ ಪ್ರೋಟೀನಲ್ಲ. ಪ್ರೋಟೀನುಗಳೊಡನೆ ಚಿಕ್ಕ ಚಿಕ್ಕ ಆರ್.ಎನ್.ಎ.ಗಳೂ ಅಂಟಿಕೊಂಡೇ ಬಂದವು. ಆ ಆರ್.ಎನ್.ಎ.ಗಳಲ್ಲಿ ಒಂದಕ್ಕೆ ಯು-1 ಎಂದು ಹೆಸರು. ಅದರ ಮೊದಲ ಅಕ್ಷರಗಳು, ನಕಲನ್ನು ಎಲ್ಲಿ ಕತ್ತರಿಸಬೇಕೋ ಆ ಜಾಗದ ಅಕ್ಷರಗಳೊಡನೆ ಕೀಲಿಗೆ ಬೀಗ ಹೊಂದುವಂತೆ ಹೊಂದಿಕೊಳ್ಳುತ್ತಿದ್ದವು. ಆದ್ದರಿಂದ ಕತ್ತರಿಸಿ ಜೋಡಿಸುವ ಕೆಲಸ ಈ ಜೋಡಿಗಳದೇ ಇರಬೇಕೆಂದು ಅವರೂ ಅವರ ಸಹೋದ್ಯೋಗಿಗಳೂ 1980ರಲ್ಲಿ ಸೂಚಿಸಿದರು. ಮುಂದಿನ ಪ್ರಯೋಗಗಳು ಅದು ನಿಜವೆಂದು ತೋರಿಸಿಕೊಟ್ಟವು.

ಸುಳಿವು ಸಿಕ್ಕಿತು, ಆದರೆ ಈ ಪ್ರೋಟೀನುಗಳು ಆರ್.ಎನ್.ಎ.ಯನ್ನು ಹೇಗೆ ಹಿಡಿಯುತ್ತವೆ, ಸಾವಿರಾರು ಅಕ್ಷರಗಳ ನಡುವೆ ತಮಗೆ ಬೇಕಾದ ಅಕ್ಷರಗಳನ್ನು ಹೇಗೆ ಗುರುತಿಸುತ್ತವೆ ಎಂಬುದನ್ನು ತಿಳಿಯುವುದು ಹೇಗೆ? ಅದಕ್ಕೆ ಒಂದೊಂದು ಪ್ರೋಟೀನೂ ಬೇರೆ ಯಾವುದರ ಬೆರಕೆಯೂ ಇಲ್ಲದೆ ಸಾಕಷ್ಟು ದೊರೆಯಬೇಕು. ಜೀವಕೋಶದಲ್ಲಾದರೋ ಸಾವಿರಾರು ಬಗೆಯ ಪ್ರೋಟೀನುಗಳು ಒಟ್ಟಿಗೆ ಕಲೆತಿರುತ್ತವೆ. ಸಂತೆಯ ಗದ್ದಲದಲ್ಲಿ ಒಬ್ಬನ ಮಾತನ್ನು ಆಲಿಸಿದಂತೆ ಆಗುತ್ತದೆ. ಇಲ್ಲಿಯೇ ಬ್ಯಾಕ್ಟೀರಿಯ ನೆರವಿಗೆ ಬಂದುದು.

1973ರಲ್ಲಿ ಸ್ಟ್ಯಾನ್ಲಿ ಕೋಹೆನ್ ಮತ್ತು ಹರ್ಬರ್ಟ್ ಬೋಯರ್ ಎಂಬವರು ಒಂದು ಜೀವಿಯ ಜೀನನ್ನು ಕತ್ತರಿಸಿ ಬ್ಯಾಕ್ಟೀರಿಯದ ಡಿ.ಎನ್.ಎ.ಗೆ ಬೆಸೆಯುವ ವಿಧಾನವನ್ನು ತೋರಿಸಿದ್ದರು. ಹೀಗೆ ಬೇರೆಡೆಯಿಂದ ತಂದು ಬೆಸೆದ ಡಿ.ಎನ್.ಎ.ಗೆ ಪುನಸ್ಸಂಯೋಜಿತ ಡಿ.ಎನ್.ಎ. ಎಂದು ಹೆಸರು, ಅದರಿಂದ ಹುಟ್ಟಿದ ಪ್ರೋಟೀನು ಪುನಸ್ಸಂಯೋಜಿತ ಪ್ರೋಟೀನು. 1978ರಲ್ಲಿ ಮಧುಮೇಹ ರೋಗಿಗಳಿಗೆ ಬೇಕಾದ ಮಾನವ ಇನ್ಸುಲಿನ್ನನ್ನು ಈ ಬಗೆಯಲ್ಲಿ ಬ್ಯಾಕ್ಟೀರಿಯದಲ್ಲಿ ಮಾಡಿಸಿದರು. ಜೀವಿಗಳಿಗೆಲ್ಲ ಲಿಪಿ ಒಂದೇ ಎಂದು ಆಗಲೇ ಹೇಳಿದೆವಷ್ಟೆ. ಆದುದರಿಂದಲೇ ಮನುಷ್ಯನ ಬರಹವನ್ನು ಬ್ಯಾಕ್ಟೀರಿಯವೂ ಓದಬಲ್ಲದು.

ಆದರೆ ಇಲ್ಲಿ ಒಂದು ತೊಡಕಿದೆ. ನಮ್ಮ ಜೀನಿನ ನಡುವೆ ಇರುವ ಬೇಡದ ಸಾಲುಗಳನ್ನು ಕತ್ತರಿಸುವ ಸಲಕರಣೆ ಬ್ಯಾಕ್ಟೀರಿಯದಲ್ಲಿ ಇಲ್ಲ. ಆರ್.ಎನ್.ಎ.ಯನ್ನು ಕತ್ತರಿಸಿ ಜೋಡಿಸುವ ಪ್ರೋಟೀನಿನ ಜೀನನ್ನು ಇದ್ದಂತೆಯೇ ಕೊಟ್ಟರೆ, ಆ ಕೆಲಸ ತಿಳಿಯದ ಬ್ಯಾಕ್ಟೀರಿಯ ಅದನ್ನು ಸರಿಯಾಗಿ ಓದಲಾರದು! ಅದಕ್ಕಾಗಿ ವಿಜ್ಞಾನಿಗಳು ಮೂಲಪ್ರತಿಯನ್ನು ಬಿಟ್ಟು, ಮಾನವ ಕೋಶದಲ್ಲಿ ಆಗಲೇ ಕತ್ತರಿಸಿ ಜೋಡಿಸಿ ಸಿದ್ಧವಾದ ಆರ್.ಎನ್.ಎ. ನಕಲನ್ನು ತೆಗೆದುಕೊಳ್ಳುತ್ತಾರೆ. 1970ರಲ್ಲಿ ಕಂಡುಹಿಡಿದ ಒಂದು ಕಿಣ್ವವು ಆರ್.ಎನ್.ಎ.ಯನ್ನು ನೋಡಿ ಡಿ.ಎನ್.ಎ.ಯನ್ನು ಬರೆಯಬಲ್ಲದು. ಅದರ ನೆರವಿನಿಂದ ಶುದ್ಧಪ್ರತಿಯೊಂದನ್ನು ಮಾಡಿ ಬ್ಯಾಕ್ಟೀರಿಯಕ್ಕೆ ಕೊಡುತ್ತಾರೆ.

ಮುಂದಿನ ಕೆಲಸ ಅಡುಗೆಮನೆಯಲ್ಲಿ ಹಾಲಿಗೆ ಹೆಪ್ಪು ಹಾಕಿದಂತೆ. ಜೀನನ್ನು ಪಡೆದ ಬ್ಯಾಕ್ಟೀರಿಯವನ್ನು ಪೋಷಕದ್ರವಕ್ಕೆ ಬೆರೆಸಿ ಬೆಚ್ಚಗೆ ಇಟ್ಟು ಕುಲುಕುತ್ತಿರುತ್ತಾರೆ. ಅನುಕೂಲವಾದ ಸ್ಥಿತಿಯಲ್ಲಿ ಈ ಬ್ಯಾಕ್ಟೀರಿಯ ಸುಮಾರು 20 ನಿಮಿಷಕ್ಕೊಮ್ಮೆ ಒಂದು ಎರಡಾಗುತ್ತದೆ. ತಿಳಿಯಾಗಿದ್ದ ದ್ರವ ಕೆಲವೇ ಗಂಟೆಗಳಲ್ಲಿ ಬಗ್ಗಡವಾಗುತ್ತದೆ. ಆಗ ಒಂದು ರಾಸಾಯನಿಕವನ್ನು ಸೇರಿಸಿದರೆ, ಅದುವರೆಗೆ ಸುಮ್ಮನಿದ್ದ ಮಾನವ ಜೀನು ಕೆಲಸಕ್ಕೆ ತೊಡಗುತ್ತದೆ. ಬಳಿಕ ಬ್ಯಾಕ್ಟೀರಿಯಗಳನ್ನು ಒಟ್ಟುಮಾಡಿ ಒಡೆದು, ಒಳಗಿನ ಸಾರವನ್ನು ತೆಗೆಯುತ್ತಾರೆ.

ಆ ಸಾರದಲ್ಲಿ ಬ್ಯಾಕ್ಟೀರಿಯದ್ದೇ ಆದ ಪ್ರೋಟೀನುಗಳೂ ತುಂಬಿರುತ್ತವೆ. ತಮಗೆ ಬೇಕಾದುದನ್ನು ಆರಿಸಿಕೊಳ್ಳಲು ವಿಜ್ಞಾನಿಗಳು ಮೊದಲೇ ಒಂದು ಉಪಾಯವನ್ನು ಮಾಡಿರುತ್ತಾರೆ. ಪ್ರೋಟೀನಿನ ತುದಿಗೆ ಹಿಸ್ಟಿಡಿನ್ ಎಂಬ ಅಮೈನೊ ಆಮ್ಲದ ಆರು ಮಣಿಗಳ ಬಾಲವೊಂದನ್ನು ಜೋಡಿಸಿರುತ್ತಾರೆ. ಈ ಬಾಲಕ್ಕೆ ನಿಕ್ಕಲ್ ಲೋಹವನ್ನು ಹಿಡಿದುಕೊಳ್ಳುವ ಗುಣವಿದೆ. ನಿಕ್ಕಲ್ ಕಣಗಳಿರುವ ಕೊಳವೆಯ ಮೂಲಕ ಸಾರವನ್ನು ಹಾಯಿಸಿದರೆ ಬಾಲವುಳ್ಳ ಪ್ರೋಟೀನು ಅಲ್ಲಿಯೇ ನಿಲ್ಲುತ್ತದೆ. ಮಿಕ್ಕ ಬಹುಪಾಲು ಹರಿದುಹೋಗುತ್ತದೆ. ಆಮೇಲೆ ಬೇಕಾದುದನ್ನು ಬಿಡಿಸಿಕೊಳ್ಳಬಹುದು.

ಆರ್.ಎನ್.ಎ.ಯ ಸಂಗಾತಿಯಾದ ಪ್ರೋಟೀನಿನ ವಿಷಯದಲ್ಲಿ ಇನ್ನೂ ಒಂದು ಎಚ್ಚರ ಅಗತ್ಯ. ಆರ್.ಎನ್.ಎ.ಯನ್ನು ಹಿಡಿಯುವುದೇ ಅದರ ಸ್ವಭಾವವಾದ್ದರಿಂದ ಅದು ಬ್ಯಾಕ್ಟೀರಿಯದ ಆರ್.ಎನ್.ಎ.ಯನ್ನೂ ಹಿಡಿದುಕೊಂಡು ಬರಬಹುದು. ಅದನ್ನು ಉಪ್ಪಿನಂಶ ಹೆಚ್ಚಾಗಿರುವ ದ್ರವದಲ್ಲಿ ತೊಳೆದು ಬಿಡಿಸಬೇಕು. ಆರ್.ಎನ್.ಎ.ಯನ್ನು ಚೂರುಮಾಡುವ ಕಿಣ್ವಗಳು ಸುತ್ತಲೂ ಇರುತ್ತವೆ. ನಮ್ಮ ಬೆರಳುಗಳ ಚರ್ಮದ ಮೇಲೂ ಇವೆ. ಆದ್ದರಿಂದ ಕೈಗವಸು ತೊಡದೆ ಇಲ್ಲಿ ಯಾರೂ ಏನನ್ನೂ ಮುಟ್ಟುವುದಿಲ್ಲ. ಕೊನೆಯಲ್ಲಿ ಪ್ರೋಟೀನು ಶುದ್ಧವಾಗಿದೆಯೇ ಎಂಬುದನ್ನು ಹಲವು ಬಗೆಯಲ್ಲಿ ಪರೀಕ್ಷಿಸಿ ಚಿಕ್ಕ ಚಿಕ್ಕ ಕೊಳವೆಗಳಿಗೆ ಹಂಚಿ, ಶೀತಪೆಟ್ಟಿಗೆಯಲ್ಲಿ ಇರಿಸುತ್ತಾರೆ.

ಈ ಶ್ರಮಕ್ಕೆ ದೊರೆತ ಫಲವೇನು? ಯು-1 ಆರ್.ಎನ್.ಎ.ಯ ಸಂಗಾತಿಗಳಲ್ಲಿ ಯು-1-ಎ ಎಂಬ ಪ್ರೋಟೀನೂ ಒಂದು. ಜಪಾನಿನಲ್ಲಿ ಜನಿಸಿ ಇಂಗ್ಲೆಂಡಿನ ಕೇಂಬ್ರಿಜ್ ನಗರದಲ್ಲಿ ಸಂಶೋಧನೆ ನಡೆಸಿದ ಕಿಯೋಶಿ ನಗಾಯ್ ಎಂಬವರು ತಮ್ಮ ಸಂಗಡಿಗರೊಡನೆ ಅದರ ಒಂದು ಭಾಗವನ್ನು ಬ್ಯಾಕ್ಟೀರಿಯದಲ್ಲಿ ಮಾಡಿಸಿದರು. ಅದನ್ನು ಹರಳುಗಟ್ಟಿಸಿ, ಹರಳಿನ ಮೂಲಕ ಕ್ಷ-ಕಿರಣಗಳನ್ನು ಹಾಯಿಸಿ 1990ರಲ್ಲಿ ಅದರ ರೂಪವನ್ನು ಕಂಡರು. 1994ರಲ್ಲಿ ಆರ್.ಎನ್.ಎ.ಯನ್ನು ಹಿಡಿದಿರುವ ಭಂಗಿಯಲ್ಲಿಯೇ ಅದನ್ನು ಕಂಡರು. ಪ್ರೋಟೀನಿನ ಒಂದು ಮಗ್ಗುಲು ಅಂಗೈಯಂತೆ ಹರಡಿಕೊಂಡಿತ್ತು. ಆರ್.ಎನ್.ಎ.ಯ ತಿರುವಿನಲ್ಲಿರುವ ಅಕ್ಷರಗಳು ಒಂದೊಂದಾಗಿ ಆ ಅಂಗೈಯ ಮೇಲೆ ಒರಗಿಕೊಂಡಿದ್ದವು. ಅಕ್ಷರವನ್ನು ಮುಟ್ಟಿ ಓದುವ ಬಗೆ ಹೀಗೆ ಕಣ್ಣಿಗೆ ಕಾಣಿಸಿತು. ಮನುಷ್ಯನ ಇನ್ನೂ ನೂರಾರು ಪ್ರೋಟೀನುಗಳಲ್ಲಿ ಇದೇ ಬಗೆಯ ಅಂಗೈ ಇದೆಯೆಂಬುದು ಈಗ ತಿಳಿದಿದೆ.

ಇದರಿಂದ ಜನಕ್ಕೇನು ಉಪಯೋಗವೆಂದು ಕೇಳುವವರು ಉಂಟು. ಆ ಪ್ರಶ್ನೆ ಸಹಜವಾದುದೇ. ಬೆನ್ನುಹುರಿಯ ಸ್ನಾಯುಕ್ಷಯ ಎಂಬುದೊಂದು ವಂಶಪಾರಂಪರ್ಯ ಕಾಯಿಲೆ. ಸುಮಾರು ಹತ್ತು ಸಾವಿರ ಶಿಶುಗಳಲ್ಲಿ ಒಂದಕ್ಕೆ ಇದು ಬರುತ್ತದೆ. ಬೆನ್ನುಹುರಿಯಿಂದ ಸ್ನಾಯುಗಳಿಗೆ ಆಜ್ಞೆಯನ್ನು ಒಯ್ಯುವ ಚಾಲಕ ನರಕೋಶಗಳು ಇದರಲ್ಲಿ ಸಾಯುತ್ತವೆ. ಕಾಯಿಲೆ ಉಗ್ರವಾದಾಗ ಮಗು ಕತ್ತನ್ನು ಎತ್ತಲಾರದು, ಕೂರಲಾರದು. ಹಾಲು ನುಂಗುವುದೂ ಉಸಿರಾಡುವುದೂ ಕಷ್ಟ. ಚಿಕಿತ್ಸೆಯಿಲ್ಲದ ದಿನಗಳಲ್ಲಿ ಇಂತಹ ಕೂಸುಗಳಲ್ಲಿ ಹೆಚ್ಚಿನವು ಎರಡು ವರ್ಷ ತುಂಬುವ ಮೊದಲೇ ತೀರಿಕೊಳ್ಳುತ್ತಿದ್ದವು. ಆದರೆ ಮಗುವಿನ ಕಣ್ಣಿನ ಹೊಳಪು, ತಾಯಿಯನ್ನು ಗುರುತಿಸಿ ನಗುವ ಬುದ್ಧಿ ಇವು ಮಾಸುವುದಿಲ್ಲ. ಇದನ್ನು ನೋಡುತ್ತ ಕೂರಬೇಕಾದ ತಂದೆತಾಯಿಗಳ ಸಂಕಟವನ್ನು ಮಾತಿನಲ್ಲಿ ಹೇಳಲಾಗದು.

1995ರಲ್ಲಿ ಫ್ರಾನ್ಸ್ ದೇಶದ ಜುಡಿತ್ ಮೆಲ್ಕಿ ಮತ್ತು ಅವರ ತಂಡದವರು ಈ ಕಾಯಿಲೆಗೆ ಕಾರಣವಾದ ಜೀನನ್ನು ಗುರುತಿಸಿದರು. ಆ ಜೀನಿನಿಂದ ಹುಟ್ಟುವ ಪ್ರೋಟೀನು ಇಲ್ಲದಿದ್ದರೆ ಚಾಲಕ ನರಕೋಶಗಳು ಉಳಿಯುವುದಿಲ್ಲ. ಅದನ್ನು ನಾವು ಉಳಿವಿನ ಪ್ರೋಟೀನು ಎಂದು ಕರೆಯೋಣ. ಆದರೆ ಅದು ಮಾಡುವ ಕೆಲಸವೇನು? ಅಮೆರಿಕದ ಫಿಲಡೆಲ್ಫಿಯ ನಗರದಲ್ಲಿ ಗಿಡಿಯನ್ ಡ್ರೈಫಸ್ ಮತ್ತು ಅವರ ಜತೆಗಾರರು 1996 ಮತ್ತು 1997ರಲ್ಲಿ ಉತ್ತರದ ಎಳೆಯನ್ನು ಹಿಡಿದರು. ಉಳಿವಿನ ಪ್ರೋಟೀನು ಯಾವುದರ ಜತೆ ಸೇರಿಕೊಂಡಿತ್ತು, ಬಲ್ಲಿರಾ? ಲೂಪಸ್ ರೋಗಿಯ ರಕ್ತದಿಂದ ಬೆಳಕಿಗೆ ಬಂದ ಅದೇ ಎಸ್ಎಂ ಪ್ರೋಟೀನುಗಳ ಜತೆ! ಏಳು ಎಸ್ಎಂ ಪ್ರೋಟೀನುಗಳು ಬಳೆಯಂತೆ ಆರ್.ಎನ್.ಎ.ಯನ್ನು ಸುತ್ತುವರಿದರೆ ಮಾತ್ರ ಕತ್ತರಿಸಿ ಜೋಡಿಸುವ ಸಲಕರಣೆ ಸಿದ್ಧವಾಗುತ್ತದೆ. ಈ ಬಳೆಯನ್ನು ತೊಡಿಸುವ ಕೆಲಸ ಉಳಿವಿನ ಪ್ರೋಟೀನಿನದು ಮತ್ತು ಅದರ ಸಹಾಯಕರದು. ಬಳೆ ಹೇಗೆ ಕೂಡುತ್ತದೆಂಬುದನ್ನು ಮುಂದೆ ಪುನಸ್ಸಂಯೋಜಿತ ಪ್ರೋಟೀನುಗಳ ಸಹಾಯದಿಂದ ಹಂತ ಹಂತವಾಗಿ ಪರೀಕ್ಷಿಸಲಾಯಿತು. ಸಹಾಯಕ ಪ್ರೋಟೀನೊಂದು ಐದು ಎಸ್ಎಂ ಪ್ರೋಟೀನುಗಳನ್ನು ಒಟ್ಟಾಗಿ ಹಿಡಿದು ನಿಂತಿರುವ ಚಿತ್ರವನ್ನು ಡ್ರೈಫಸ್ ಅವರ ತಂಡ 2011ರಲ್ಲಿ ಪ್ರಕಟಿಸಿತು.

ಮನುಷ್ಯನಲ್ಲಿ ಉಳಿವಿನ ಪ್ರೋಟೀನಿಗೆ ಇನ್ನೊಂದು ಜೀನೂ ಇದೆ. ಆದರೆ ಅದರ ಬರಹದಲ್ಲಿ ಒಂದು ಅಕ್ಷರದ ವ್ಯತ್ಯಾಸವಿರುವುದರಿಂದ, ಕತ್ತರಿಸಿ ಜೋಡಿಸುವಾಗ ಹೆಚ್ಚಿನ ಸಲ ಏಳನೆಯ ತುಣುಕು ಬಿಟ್ಟುಹೋಗುತ್ತದೆ. ಮೊದಲನೆಯ ಜೀನು ಕೆಟ್ಟ ಮಗುವಿಗೆ ಈ ಎರಡನೆಯ ಜೀನೇ ಆಸರೆ. ಆದರೆ ಆ ಆಸರೆ ಸಾಲದು. ಆ ತುಣುಕನ್ನು ಮರಳಿ ಸೇರಿಸಲು ಸಾಧ್ಯವೆ? ಕತ್ತರಿಸಿ ಜೋಡಿಸುವ ಪ್ರೋಟೀನುಗಳನ್ನು ವರ್ಷಗಟ್ಟಲೆ ಅಭ್ಯಾಸ ಮಾಡಿದ್ದ ಏಡ್ರಿಯನ್ ಕ್ರೈನರ್ ಎಂಬ ವಿಜ್ಞಾನಿ ಅಮೆರಿಕದಲ್ಲಿ, ಔಷಧ ತಯಾರಿಕೆಯ ತಜ್ಞರೊಡನೆ ಸೇರಿ ಅದಕ್ಕೆ ದಾರಿ ಕಂಡುಕೊಂಡರು. ಆರ್.ಎನ್.ಎ.ಯ ಒಂದು ಜಾಗದಲ್ಲಿ ಕುಳಿತು ಅಡ್ಡಿಮಾಡುವ ಪ್ರೋಟೀನುಗಳಿವೆ. ಆ ಜಾಗವನ್ನು ಪುಟ್ಟದೊಂದು ಅಕ್ಷರಸಾಲಿನಿಂದ ಮುಚ್ಚಿದರೆ ಏಳನೆಯ ತುಣುಕು ಸೇರಿಕೊಳ್ಳುತ್ತದೆ. ಹೀಗೆ ಹುಟ್ಟಿದ ನುಸಿನರ್ಸೆನ್ ಎಂಬ ಔಷಧಕ್ಕೆ 2016ರ ಡಿಸೆಂಬರಿನಲ್ಲಿ ಅಮೆರಿಕದಲ್ಲಿ ಒಪ್ಪಿಗೆ ದೊರೆಯಿತು. ಅದನ್ನು ಬೆನ್ನುಹುರಿಯ ಸುತ್ತಣ ದ್ರವಕ್ಕೆ ಕೊಡುತ್ತಾರೆ. ಬೇಗ ಕೊಟ್ಟಷ್ಟೂ ಗುಣ ಹೆಚ್ಚು. ಒಮ್ಮೆ ಸತ್ತ ನರಕೋಶವನ್ನು ಅದು ಎಬ್ಬಿಸಲಾರದು. ಅದರ ಬೆಲೆಯೂ ಬಹಳ ದುಬಾರಿ. ಆದರೂ ಕೂರಲಾರವೆಂದು ವೈದ್ಯರು ಕೈಚೆಲ್ಲುತ್ತಿದ್ದ ಕೆಲವು ಮಕ್ಕಳು ಕುಳಿತಿದ್ದಾರೆ. ಕೆಲವರು ನಡೆದೂ ಇದ್ದಾರೆ.

ಈಗ ಮತ್ತೆ ನಮ್ಮ ಕೊಳವೆಯ ಚೀಟಿಯನ್ನು ಓದೋಣ. ‘ಸಂಶೋಧನೆಗೆ ಮಾತ್ರ’ ಎಂದರೆ ಅದು ಔಷಧವಲ್ಲ. ಯಾರ ದೇಹಕ್ಕೂ ಅದನ್ನು ಕೊಡಕೂಡದು. ಬ್ಯಾಕ್ಟೀರಿಯದ ಹೊರಕವಚದ ವಿಷಾಂಶ ಅದರಲ್ಲಿ ಲೇಶವಾಗಿ ಉಳಿದಿರಬಹುದು. ಅಲ್ಲದೆ ಮಾನವ ಕೋಶವು ಪ್ರೋಟೀನನ್ನು ಕಟ್ಟಿದ ಮೇಲೆ ಅದಕ್ಕೆ ಕೆಲವು ರಾಸಾಯನಿಕ ಗುಂಪುಗಳನ್ನು ಸೇರಿಸಿ ಒಪ್ಪಗೊಳಿಸುತ್ತದೆ. ಆ ಕುಸುರಿ ಬಹಳಮಟ್ಟಿಗೆ ಬ್ಯಾಕ್ಟೀರಿಯಕ್ಕೆ ಬಾರದು. ಕುಸುರಿ ಬೇಕೇ ಬೇಕೆನ್ನುವಾಗ ಕೀಟಗಳ ಅಥವಾ ಮನುಷ್ಯನ ಕೋಶಗಳನ್ನು ಬೆಳೆಸಿ ಅವುಗಳಲ್ಲಿ ಪ್ರೋಟೀನನ್ನು ಮಾಡಿಸುತ್ತಾರೆ. ತನ್ನ ಕೈಯಲ್ಲಿರುವ ವಸ್ತು ಯಾವುದಕ್ಕೆ ತಕ್ಕುದು, ಯಾವುದಕ್ಕೆ ತಕ್ಕುದಲ್ಲ ಎಂಬುದನ್ನು ಮರೆಮಾಚದೆ ಹೇಳುವುದು ವಿಜ್ಞಾನಿಯ ಧರ್ಮ. ಆ ಪುಟ್ಟ ಚೀಟಿ ಆ ಧರ್ಮದ ಗುರುತು.

ಕೊಳವೆಯ ಆ ತೊಟ್ಟು ದ್ರವ ಯಾವ ರೋಗವನ್ನೂ ಗುಣಪಡಿಸಲಿಲ್ಲ. ಆದರೆ ಅಂತಹ ತೊಟ್ಟುಗಳಿಂದ ದೊರೆತ ಅರಿವು ಗುಣಪಡಿಸುವ ದಾರಿಗೆ ಬೆಳಕಾಯಿತು. 1966ರಲ್ಲಿ ರಕ್ತವನ್ನು ಕೊಟ್ಟ ರೋಗಿಗೆ ಅದು ಎಲ್ಲಿಗೆ ಹೋಗಿ ಮುಟ್ಟೀತೆಂದು ತಿಳಿದಿರಲಿಲ್ಲ. ಅದನ್ನು ಪರೀಕ್ಷಿಸಿದವರಿಗೂ ತಿಳಿದಿರಲಿಲ್ಲ. ಒಬ್ಬರು ಬಿಟ್ಟಲ್ಲಿಂದ ಇನ್ನೊಬ್ಬರು ಮುಂದುವರಿಸಿದರು. ಬೀಜವನ್ನು ಬಿತ್ತಿದವನೇ ಹಣ್ಣನ್ನು ತಿನ್ನಬೇಕೆಂಬ ನಿಯಮವಿಲ್ಲ. ಮರ ಬೆಳೆಯುವುದು ಮುಖ್ಯ. ಅದರ ನೆರಳು ಬೇಕಾದವರಿಗೆ ದೊರೆಯುವುದು ಮುಖ್ಯ.

ಅಭ್ಯಾಸ

1. ಜೀವಕೋಶದ ಡಿ.ಎನ್.ಎ.ಯನ್ನು ಗ್ರಂಥಭಂಡಾರದ ಮೂಲಪ್ರತಿಗೆ ಹೋಲಿಸಿರುವುದೇಕೆ?
2. ಲೂಪಸ್ ರೋಗಿಗಳ ಪ್ರತಿಕಾಯಗಳು ವಿಜ್ಞಾನಿಗಳಿಗೆ ಹೇಗೆ ನೆರವಾದುವು?
3. ಮಾನವ ಜೀನನ್ನು ಇದ್ದಂತೆಯೇ ಬ್ಯಾಕ್ಟೀರಿಯಕ್ಕೆ ಕೊಟ್ಟರೆ ಆಗುವ ತೊಡಕೇನು? ಅದನ್ನು ನಿವಾರಿಸುವ ಬಗೆ ಯಾವುದು?
4. ಉಳಿವಿನ ಪ್ರೋಟೀನಿಗೂ ಎಸ್ಎಂ ಪ್ರೋಟೀನುಗಳಿಗೂ ಇರುವ ಸಂಬಂಧವನ್ನು ವಿವರಿಸಿ.
5. ‘ಸಂಶೋಧನೆಗೆ ಮಾತ್ರ’ ಎಂಬ ಮಾತಿನ ಅರ್ಥವನ್ನೂ ಅಗತ್ಯವನ್ನೂ ತಿಳಿಸಿ.
6. ಮೂರು ಮೂರು ಅಕ್ಷರಗಳ ಪದಗಳಿಂದಾದ ಒಂದು ವಾಕ್ಯವನ್ನು ನೀವೇ ರಚಿಸಿ. ಅದರಿಂದ ಒಂದು ಅಕ್ಷರವನ್ನು ತೆಗೆದು ಮತ್ತೆ ಮೂರು ಮೂರಾಗಿ ಓದಿ, ಆಗುವ ಬದಲಾವಣೆಯನ್ನು ಬರೆಯಿರಿ.